ನಡುಗೋಡೆ ಸಮೇತ ಮಾರಿದ ಮನೆ

ಬೈಲಹೊಂಗಲದ ನಮ್ಮ ಮನೆಯನ್ನು ಮಾರಲು ಹೊರಟಾಗ ಅದರ ಬೆಲೆ ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಏಜೆಂಟ್ ಒಂದು ಹೇಳಿದ. ಸರಕಾರಿ ದರ ಇನ್ನೊಂದಿತ್ತು. ಎದುರು ಮನೆಯ ರಿಟೈರ್ಡ್ ಮಾಸ್ತರರು ಕಟ್ಟೆಯ ಮೇಲೆ ಕುಂತಲ್ಲೇ ಎರಡನ್ನೂ ಕೂಡಿಸಿ ಹೇಳಿದರು. ಸಾಲ ಮಾಡಿ ಕೊಳ್ಳಬೇಕೆಂದಿದ್ದ ಒಬ್ಬ ಗಿರಾಕಿ ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವ ಇಂಜಿನಿಯರನ್ನು ಕರೆತಂದ. ಅವರು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿ, ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಕಟ್ಟಡಕ್ಕೆ ಏನೂ ಹಿಡಿಯಲಾಗುವುದಿಲ್ಲ, ಜಾಗಕ್ಕಷ್ಟೇ ಬೆಲೆ ಎಂದು ಬರೆದುಕೊಂಡು, ನಾವು ಕೊಟ್ಟ ಚಹಾ ಕುಡಿದು ಹೋದರು. ಗಿರಾಕಿಯೂ ಅವರ ಹಿಂದೆಯೇ ಹೋದ. ಜೀವಮಾನವೆಲ್ಲ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕುಂತು ಕಬ್ಬಿನ ಗಾಡಿ ತೂಗಿದವನು ನಾನು. ಈಗ ಬಂದವರೆಲ್ಲ ನನ್ನ ಮನೆಯನ್ನು ತೂಗುತ್ತಿದ್ದರು, ಒಬ್ಬರ ತೂಕ ಒಬ್ಬರದಕ್ಕೆ ಹೊಂದುತ್ತಿರಲಿಲ್ಲ.

ಮಾರದೆ ಗತಿಯಿರಲಿಲ್ಲ. ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಬೆಳಗಾವಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಹೋಗುವಾಗ ಹೇಗೋ ಮಾತಾಡುತ್ತ ಹೋಗುತ್ತಿದ್ದಳು. ಬರುವಾಗ ನನ್ನ ಭುಜಕ್ಕೆ ತಲೆಯಿಟ್ಟರೆ ಊರು ಬರುವವರೆಗೆ ಎತ್ತುತ್ತಿರಲಿಲ್ಲ. ಸೀಟು ಸಿಗದ ದಿನ ಅವಳನ್ನು ಕೂರಿಸಿಕೊಳ್ಳಿರೆಂದು ಕಾಲೇಜು ಹುಡುಗರ ಮುಂದೆ ಕೈ ಮುಗಿದದ್ದೂ ಉಂಟು. ಬೆಳಗಾವಿಯಲ್ಲಿ ದವಾಖಾನೆಯ ಸಮೀಪ ಎರಡು ಕೋಣೆಯ ಸಣ್ಣ ಮನೆ ಕೊಳ್ಳಬೇಕು, ಅದಕ್ಕೆ ಇದನ್ನು ಮಾರಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ನಮ್ಮದು ಸಾಲುಮನೆ. ಮೊದಲು ಆ ಸಾಲೆಲ್ಲ ಒಂದೇ ದೊಡ್ಡ ಮನೆಯಾಗಿತ್ತಂತೆ. ಸಂಪಗಾಂವದ ಕಡೆಯಿಂದ ಬಂದ ಪುರೋಹಿತರ ಮನೆತನದ್ದು. ಅಣ್ಣತಮ್ಮಂದಿರು ಹಿಸೆಯಾದಾಗ ನಡುವೆ ಗೋಡೆ ಎದ್ದವು. ಕೊನೆಯ ಹಿಸೆಯನ್ನು ಒಬ್ಬ ಹತ್ತಿ ವ್ಯಾಪಾರಿ ಕೊಂಡ. ಅವನಿಂದ ನಮ್ಮಪ್ಪ ಕೊಂಡರು. ಅದರ ಪಕ್ಕದ್ದನ್ನು ಅದಕ್ಕೂ ಮೊದಲೇ ಒಬ್ಬ ಮುಸಲ್ಮಾನ ಬಡಿಗೇರರು ಕೊಂಡಿದ್ದರು. ನಮ್ಮ ಮನೆಯ ಒಂದು ಬದಿಗೆ ಸಂದಿ, ಇನ್ನೊಂದು ಬದಿಗೆ ಅವರು, ನಡುವೆ ಒಂದೇ ಗೋಡೆ. ಆ ಗೋಡೆಯ ಮೇಲೆ ಈ ಕಡೆಯಿಂದ ನಮ್ಮ ತೊಲೆ, ಆ ಕಡೆಯಿಂದ ಅವರ ತೊಲೆ. ಅಳೆಯುವಾಗ ಗೋಡೆಯ ನಡುಮಧ್ಯಕ್ಕೆ ಟೇಪು ಹಿಡಿಯುತ್ತಿದ್ದರು. ಮನೆ ಕೈ ಬದಲಾಗುವಾಗ ಆ ಗೋಡೆ ಹಂಚಿಕೊಂಡವರೇ ಖರೀದಿಪತ್ರಕ್ಕೆ ಸಾಕ್ಷಿ ಹಾಕಬೇಕು ಎಂಬುದು ನಮ್ಮ ಸಾಲಿನ ರೂಢಿ. ಯಾವ ಕಾನೂನಿನಲ್ಲೂ ಇಲ್ಲ. ಆದರೂ ಅವರ ಸಹಿ ಇಲ್ಲದ ವ್ಯಾಪಾರವನ್ನು ನಮ್ಮ ಓಣಿಯಲ್ಲಿ ಯಾರೂ ವ್ಯಾಪಾರ ಅನ್ನುತ್ತಿರಲಿಲ್ಲ. ನಮ್ಮಪ್ಪ ಕೊಂಡಾಗ ಆ ಬಡಿಗೇರರೇ ಸಾಕ್ಷಿ ಹಾಕಿದ್ದರು. ಈಗ ಆ ಮನೆಯಲ್ಲಿ ಅವರ ಮೊಮ್ಮಗ ಇದ್ದಾನೆ, ಟೆಂಪೋ ಓಡಿಸುತ್ತಾನೆ, ಹೆಂಡತಿ ಮಕ್ಕಳೊಂದಿಗೆ.

ಬಂದ ಗಿರಾಕಿಗಳಲ್ಲಿ ಅರ್ಧ ಮಂದಿ ದಕ್ಷಿಣದ ಬಾಗಿಲು ಎಂದು ಹೊಸ್ತಿಲಲ್ಲೇ ತಿರುಗಿ ಹೋದರು. ಉಳಿದವರು ಬಚ್ಚಲನ್ನು ನೋಡಿ ಹೋದರು. ಪ್ರತಿ ಸಲ ಮನೆ ಗುಡಿಸಿ, ಹಾಸಿಗೆ ಸುತ್ತಿಟ್ಟು, ಔಷಧದ ಡಬ್ಬಿಗಳನ್ನು ಕಪಾಟಿನಲ್ಲಿ ಮುಚ್ಚಿಟ್ಟು ನಗುಮುಖ ಮಾಡಿ ನಿಲ್ಲುವುದು ನನಗೆ ಸಾಕೋ ಸಾಕಾಗಿತ್ತು. ಕಡೆಗೆ ಒಬ್ಬ ಅರಿವೆ ಅಂಗಡಿಯವರು ಬಂದರು. ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ತಾವು ಹೇಗೂ ಎಲ್ಲ ಕೆಡವಿ ಅಂಗಡಿ ಕಟ್ಟುವವರು ಎಂದರು. ಅವರು ಹೇಳಿದ ಬೆಲೆಗೆ ಬೆಳಗಾವಿಯ ಆ ಎರಡು ಕೋಣೆ ಬರುತ್ತಿದ್ದವು. ಒಂದೇ ಕರಾರು: ನಡುಗೋಡೆಯನ್ನೂ ಕೆಡವಲು ಅದು ಪೂರ್ತಿ ಅವರದಾಗಬೇಕು, ಪಕ್ಕದವನು ಅದಕ್ಕೆ ಒಪ್ಪಿ ಸಹಿ ಹಾಕಬೇಕು.

ಆ ಸಂಜೆಯೇ ಪಕ್ಕದ ಮನೆಯ ಹುಡುಗನನ್ನು ಕರೆದು ಹೇಳಿದೆ. ಮೂವತ್ತು ದಾಟಿದ್ದರೂ ನನಗೆ ಅವನು ಹುಡುಗನೇ. ನನ್ನ ಹೆಂಡತಿಗೆ ನಡೆಯಲಾಗದ ದಿನ ಟೆಂಪೋದಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವವನು ಅವನೇ. ಎಲ್ಲ ಕೇಳಿಕೊಂಡ. ಗೋಡೆಯ ಕಡೆ ನೋಡಿದ.

"ಕಾಕಾ, ನೀವು ಮಾಡಂದ್ರ ಸಹಿ ಮಾಡತೇನಿ. ಕಾಕೂನ ಮುಂದ ನಮ್ಮ ಗ್ವಾಡಿ ಏನ್ ದೊಡ್ಡದಲ್ಲ. ಆದ್ರ ನಮ್ಮ ತೊಲಿ ಎಲ್ಲಿ ಇಡ್ಲಿ, ಅದನ್ನೂ ನೀವ ಹೇಳ್ರಿ."

ನನಗೆ ಸಿಟ್ಟು ಬಂತು. ಅವನು ಆಗುವುದಿಲ್ಲ ಎಂದಿದ್ದರೆ ಜಗಳಾಡಬಹುದಿತ್ತು, ಜಗಳದಲ್ಲಿ ನಾನೇನು ಹಿಂದೆ ಬಿದ್ದವನಲ್ಲ. ಇದಕ್ಕೆ ಏನು ಹೇಳಲಿ? ಅವನು ಬೇರೆ ಕಂಬ ನಿಲ್ಲಿಸಿ, ಬೇರೆ ಗೋಡೆ ಎಬ್ಬಿಸಿಕೊಳ್ಳಬೇಕು. ಅದಕ್ಕೆ ಅವನ ಹತ್ತಿರ ದುಡ್ಡು ಇರಲಿಲ್ಲ. ಅಂಗಡಿಯವರನ್ನು ಕೇಳಿದೆ, ಅದು ತಮ್ಮ ಕೆಲಸವಲ್ಲ ಎಂದರು. ನಾನೇ ಕಟ್ಟಿಸಿಕೊಟ್ಟರೆ ಬೆಳಗಾವಿಯ ಮನೆಗೆ ಸಾಲುತ್ತಿರಲಿಲ್ಲ. ಏಜೆಂಟ್ ಮಾತ್ರ ಸುಮ್ಮನೆ ಸಹಿ ಹಾಕಿಸಿಬಿಡಿರಿ, ಮುಂದಿನದು ಅವರವರು ನೋಡಿಕೊಳ್ಳುತ್ತಾರೆ ಎಂದು ದಿನಾ ಫೋನು ಮಾಡಿದ. ಸಹಿ ಹಾಕಿಸಿಬಿಡಲೇ ಎಂದು ನಾನೂ ದಿನಾ ಯೋಚಿಸಿದೆ. ಹುಡುಗ ಹೇಗೂ ಒಪ್ಪಿದ್ದಾನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಗೋಡೆಯ ಆಚೆ ಅವನ ಮಕ್ಕಳು ಪಾಠ ಒಪ್ಪಿಸುವುದು ಕೇಳಿಸುತ್ತಿತ್ತು.

ಅದೇ ದಿನಗಳಲ್ಲಿ ಮುರಗೋಡದಿಂದ ಗಂಡ ಹೆಂಡತಿ ಇಬ್ಬರು ಬಂದು ಮನೆ ನೋಡಿ ಹೋಗಿದ್ದರು. ಕೆಡವುವುದಿಲ್ಲ, ಇದ್ದ ಹಾಗೆಯೇ ಇರುತ್ತೇವೆ ಎಂದರು. ಆದರೆ ಅವರು ಹೇಳಿದ ಬೆಲೆ ಕೇಳಿ ನನಗೆ ನಗು ಬಂದಿತ್ತು. ಅಷ್ಟಕ್ಕೆ ಬೆಳಗಾವಿಯಲ್ಲಿ ಒಂದು ಕೋಣೆಯೂ ಸಿಗುತ್ತಿರಲಿಲ್ಲ.

ಇದನ್ನೆಲ್ಲ ಹೆಂಡತಿಗೆ ಹೇಳಿದ್ದು ಬಸ್ಸಿನಲ್ಲಿ, ದವಾಖಾನೆಯಿಂದ ಬರುವಾಗ. ಮಲಗಿದ್ದಾಳೆ ಎಂದುಕೊಂಡೇ ಗೊಣಗುತ್ತಿದ್ದೆ. ಅವಳು ಕಣ್ಣು ತೆರೆಯದೆ ಮಾತಾಡಿದಳು.

"ಮುರಗೋಡದವ್ರಿಗೆ ಕೊಟ್ಟಬಿಡ್ರಿ. ಬಾಡಿಗಿ ಮನ್ಯಾಗ ಏನ್ ನಿದ್ದಿ ಬರೂದಿಲ್ಲೇನು? ನನಗ ಸ್ವಂತ ಮನಿ ಬ್ಯಾಡ. ಈ ಬಸ್ಸು ಸಾಕಾಗೇತ್ರಿ ನನಗ."

ಅಷ್ಟು ದಿನ ನಾನು ಮನೆಯಿಂದ ಮನೆಗೆ ಲೆಕ್ಕ ಹಾಕುತ್ತಿದ್ದೆ. ಅವಳು ಮನೆ ಕೇಳಿಯೇ ಇರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು, ಜೊತೆಗೇ ಎದೆಯ ಮೇಲಿನ ಕಲ್ಲು ಇಳಿಸಿದಂತೆಯೂ ಆಯಿತು.

ಮುರಗೋಡದವರಿಗೆ ನೋಂದಣಿ ಮಾಡಿಕೊಟ್ಟ ದಿನ ಪಕ್ಕದ ಹುಡುಗ ಟೆಂಪೋದ ಬಾಡಿಗೆ ಬಿಟ್ಟು ಬಂದು ಸಾಕ್ಷಿ ಹಾಕಿದ. ನಮ್ಮ ಸಾಮಾನನ್ನು ತನ್ನ ಟೆಂಪೋದಲ್ಲೇ ಬೆಳಗಾವಿಯ ದವಾಖಾನೆ ಹತ್ತಿರದ ಬಾಡಿಗೆ ಮನೆಗೆ ತಂದು ಇಳಿಸಿ, ಡೀಸೆಲ್ಲಿಗೂ ಏನೂ ಮುಟ್ಟದೆ ಹೋದ.

ಮೊನ್ನೆ ರಾಮದುರ್ಗದಿಂದ ನನ್ನ ಹೆಂಡತಿಯ ತಮ್ಮ ಫೋನು ಮಾಡಿದ್ದ. ನಮ್ಮ ಓಣಿಯಲ್ಲಿ ಈಗ ಯಾವುದೋ ಮನೆ ನಾವು ಮಾರಿದ್ದರ ದುಪ್ಪಟ್ಟಿಗೆ ಹೋಯಿತಂತೆ. ಅಕ್ಕನನ್ನು ಬಾಡಿಗೆ ಮನೆಯಲ್ಲಿ ಇಟ್ಟಿರಲ್ಲ, ವ್ಯವಹಾರ ತಿಳಿಯದಿದ್ದರೆ ನನ್ನನ್ನಾದರೂ ಕೇಳಬಾರದಿತ್ತೇ ಎಂದು ಬಾಯಿಗೆ ಬಂದಂತೆ ಅಂದ. ಅವನದೂ ಸುಳ್ಳಲ್ಲ, ಹೌದಪ್ಪ ಎಂದು ಕೇಳಿಕೊಂಡೆ. ಮಧ್ಯಾಹ್ನವಿತ್ತು, ಅಂದು ಡಯಾಲಿಸಿಸ್ಸಿನ ದಿನ. ಮೊದಲಾಗಿದ್ದರೆ ಆ ಹೊತ್ತಿಗೆ ನಾವು ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅವನ ದನಿ ಏರುತ್ತ ಹೋದಾಗ ನಾನು ಫೋನು ಹಿಡಿದುಕೊಂಡು ಹೊರಗೆ ಮೆಟ್ಟಿಲಿಗೆ ಬಂದೆ.

"ಸಾವಕಾಶ ಮಾತಾಡೋ," ಅಂದೆ. "ನಿಮ್ಮಕ್ಕ ಮಲ್ಕೊಂಡಾಳ."