ಪೂಜೆಯ ಮರುದಿನ ಆನ್ ಆಗದ ಕಂಪ್ಯೂಟರ್

2001ರ ವಿಜಯದಶಮಿಯ ಬೆಳಿಗ್ಗೆ ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಅಕ್ಕನ ಕಂಪ್ಯೂಟರ್ ಆನ್ ಆಗಲಿಲ್ಲ. ನಾನು ಆಗ ಪತ್ರಿಕೆಯೊಂದರ ವರದಿಗಾರ. ಮಧ್ಯಾಹ್ನದ ಜಂಬೂಸವಾರಿಯವರೆಗೆ ಕೆಲಸವಿಲ್ಲದ್ದರಿಂದ ಮನೆಯಲ್ಲೇ ಇದ್ದೆ.

ಅಕ್ಕ ಆ ಜೂನ್‌ನಲ್ಲಿ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಶುರು ಮಾಡಿದ್ದಳು. ಅಲ್ಲಿಯವರೆಗೆ ಬಂದದ್ದು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು. ಮೊದಲ ಪುಸ್ತಕ ಸಿಕ್ಕಿದ್ದು ಆ ದಸರೆಗೆ, ಹೈಸ್ಕೂಲು ಮಕ್ಕಳ ಗಣಿತದ ಕೈಪಿಡಿ. ತಿದ್ದಿದ ಪುಟಗಳ ಫ್ಲಾಪಿ ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ಕೈಸೇರಬೇಕು ಎಂದು ಮುದ್ರಣಾಲಯದ ಮಾಲೀಕರು ಹೇಳಿದ್ದರು. ಸೇರಿದರೆ ವರ್ಷದ ಪುಸ್ತಕಗಳು ಅಕ್ಕನಿಗೆ, ಇಲ್ಲವಾದರೆ ಜಯಲಕ್ಷ್ಮಿಪುರಂನ ಇನ್ನೊಬ್ಬರಿಗೆ.

ಹಿಂದಿನ ದಿನ ಆಯುಧಪೂಜೆ. ಈಳಿಗೆಮಣೆ, ಹೊಲಿಗೆ ಯಂತ್ರ, ಸ್ಕೂಟರ್, ಸ್ಕ್ರೂಡ್ರೈವರ್, ಎಲ್ಲಕ್ಕೂ ಪೂಜೆ ನಡೆದಿತ್ತು. ಪೂಜೆಗೆ ಇಟ್ಟದ್ದನ್ನು ಮರುದಿನ ಅಮ್ಮ ಕದಲಿಸುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಅಕ್ಕ ಕೊನೆಯ ಪುಟ ತಿದ್ದಿ ಮುಗಿಸುವ ಹೊತ್ತಿಗೆ ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇರಮ್ಮ, ಫ್ಲಾಪಿಗೆ ಹಾಕ್ಕೊಂಡ್ಬುಡ್ತೀನಿ."

"ನಾಳೆ ಹಾಕ್ಕೊಳೇ. ಅದೇನು ಕಾಲು ಬಂದು ಓಡೋಗುತ್ತಾ?"

ಅಕ್ಕ ಕಂಪ್ಯೂಟರ್ ಆರಿಸಿದಳು. ತಿದ್ದಿದ ಪುಟಗಳು ಆ ಪೆಟ್ಟಿಗೆಯೊಳಗೆ ಮಾತ್ರ ಉಳಿದವು.

ಮರುದಿನ ಅಮ್ಮ ಹೂವು ತೆಗೆದು, ಪೆಟ್ಟಿಗೆಯನ್ನು ಸ್ವಲ್ಪ ಕದಲಿಸಿ, "ಈಗ ಮುಟ್ಟು" ಎಂದಳು. ಅಕ್ಕ ಗೋಡೆಯ ಸ್ವಿಚ್ ಹಾಕಿ ಪೆಟ್ಟಿಗೆಯ ಬಟನ್ ಒತ್ತಿದಳು. ಫ್ಯಾನ್ ತಿರುಗಲಿಲ್ಲ. ಮಾನಿಟರ್ ಕಪ್ಪಾಗಿಯೇ ಇತ್ತು. ಅವಳು ಕೆಸರೆಯಲ್ಲಿದ್ದ ರಿಪೇರಿಯವನಿಗೆ ಫೋನ್ ಮಾಡಿದಳು. ಅವನ ಗಟ್ಟಿ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಫ್ಯಾನೂ ತಿರುಗ್ತಿಲ್ವಾ ಮೇಡಂ? ಅಂಗಾದ್ರೆ ಎಸ್‌ಎಂಪಿಎಸ್ಸೇ ಹೋಗಿದೆ. ಬೇರೆ ಹಾಕ್ಬೇಕು."

ಎಸ್‌ಎಂಪಿಎಸ್ ಎಂದರೆ ಪೆಟ್ಟಿಗೆಯೊಳಗೆ ಕರೆಂಟ್ ಹಂಚುವ ಡಬ್ಬಿ. ಅಕ್ಕ ಈಗಲೇ ಬರಲು ಕೇಳಿದಳು.

"ಈಗ್ಲಾ? ನಮ್ಮಪ್ಪ ಪೂಜೆ ಇಳಿಸೋದು ಹನ್ನೊಂದರ ಮೇಲೆ. ನನ್ ಸಾಮಾನೆಲ್ಲ ದೇವರ ಮುಂದೆ ಕೂತವೆ. ಸ್ಕ್ರೂಡ್ರೈವರ್ ಮುಟ್ಟಿದ್ರೆ ಮನೇಲಿ ನನ್ನೇ ಬಿಚ್ಚಾಕ್ತಾರೆ."

ಅಕ್ಕ ಫೋನ್ ಇಟ್ಟು ಕುರ್ಚಿಯಲ್ಲಿ ಕುಳಿತಳು. ನಾನು ಗೋಡೆಯಿಂದ ಶುರು ಮಾಡಿದೆ. ಅದೇ ಪ್ಲಗ್ಗಿಗೆ ಮೇಜಿನ ದೀಪ ಸಿಕ್ಕಿಸಿದಾಗ ಹತ್ತಿಕೊಂಡಿತು. ಮಾನಿಟರಿನ ಕರೆಂಟ್ ವೈರು ತೆಗೆದು ಪೆಟ್ಟಿಗೆಗೆ ಹಾಕಿದೆ, ಬದಲಾವಣೆ ಕಾಣಲಿಲ್ಲ. ಪೆಟ್ಟಿಗೆಯ ಹಿಂಬದಿಯ ಸ್ವಿಚ್ ಆನ್ ಇತ್ತು. ಪೂಜೆಗಿಟ್ಟಿದ್ದ ಸ್ಕ್ರೂಡ್ರೈವರನ್ನು ಅಮ್ಮನಿಂದ ಕದಲಿಸಿಕೊಂಡು ಪಕ್ಕದ ಮುಚ್ಚಳ ತೆಗೆದೆ. ಒಳಗಿನ ಬೋರ್ಡಿನ ಮೂಲೆಯಲ್ಲಿ ಸಣ್ಣ ಹಸಿರು ದೀಪವೊಂದು ಉರಿಯುತ್ತಿತ್ತು. ಡಬ್ಬಿ ಪೂರ್ತಿ ಕೆಟ್ಟಿದ್ದರೆ ಅದು ಉರಿಯುತ್ತಿರಲಿಲ್ಲ. ಕರೆಂಟ್ ಬೋರ್ಡಿನವರೆಗೆ ಬರುತ್ತಿತ್ತು, ಬಟನ್ ಒತ್ತಿದ್ದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ.

"ಇನ್ನೊಂದ್ಸಲ ಒತ್ತು" ಎಂದೆ.

ಅಕ್ಕ ಬಗ್ಗಿ ಒತ್ತಿದಳು. "ದಿನಾ ಒತ್ತಿದ್ರೆ ಟಕ್ ಅಂತ ವಾಪಸ್ ಬರೋದು ಕಣೋ. ಇದು ಒಳಗೇ ಕೂತ್ಬುಟ್ಟಿದೆ."

ಅಮ್ಮ ನೀರಲ್ಲಿ ಕಲಸಿದ ವಿಭೂತಿಯನ್ನು ಪೆಟ್ಟಿಗೆಯ ಮುಂಭಾಗಕ್ಕೆ ಮೂರು ಬೆರಳಲ್ಲಿ ಹಚ್ಚಿದ್ದಳು. ನಡುವಿನ ಪಟ್ಟೆ ಬಟನ್ ಮೇಲೆ ಹಾದಿತ್ತು, ಅದರ ಮೇಲೊಂದು ಕುಂಕುಮದ ಬೊಟ್ಟು. ಬೆರಳಿನ ಒತ್ತಡಕ್ಕೆ ಒಳಹೋದ ಬಟನ್, ಸುತ್ತಲಿನ ಸಂದಿಯಲ್ಲಿ ವಿಭೂತಿ ಒಣಗಿ, ಹಾಗೆಯೇ ಹಿಡಿದುಕೊಂಡಿತ್ತು.

"ಅಷ್ಟು ಜಾಗ ಇತ್ತಲ್ಲಮ್ಮ, ಪಕ್ಕಕ್ಕೆ ಹಚ್ಚಬಾರ್ದಿತ್ತಾ?"

"ಹಣೆ ಬಿಟ್ಟು ಕೆನ್ನೆಗೆ ಹಚ್ತಾರೇನೇ?"

ಅಕ್ಕ ಸೆರಗಿನ ಪಿನ್ನು ತೆಗೆದು ಸಂದಿಯನ್ನು ಕೆರೆಯತೊಡಗಿದಳು. ವಿಭೂತಿ ನೆಲಕ್ಕೆ ಬಿದ್ದು ತುಳಿದಾಟವಾಗಬಾರದೆಂದು ಅಮ್ಮ ಕೆಳಗೆ ಬಾಳೆಲೆಯ ತುಂಡು ಹಿಡಿದು ಕುಳಿತಳು. "ಮೆಲ್ಲಗೆ ಕಣೇ, ಗೀರು ಬೀಳುತ್ತೆ" ಎಂದೂ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಬಟನ್ ಹೊರಕ್ಕೆ ಚಿಮ್ಮಿತು. ಮತ್ತೆ ಒತ್ತಿದಾಗ ಫ್ಯಾನ್ ತಿರುಗಿತು. ತಿದ್ದಿದ ಪುಟಗಳು ಇದ್ದ ಹಾಗೆಯೇ ಇದ್ದವು.

ಫ್ಲಾಪಿ ಜೇಬಿಗಿಟ್ಟುಕೊಂಡು, ಅಮ್ಮ ಕದಲಿಸಿದ ಸ್ಕೂಟರಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಮೆರವಣಿಗೆಗಾಗಿ ಪೊಲೀಸರು ಆಗಲೇ ಅಡ್ಡಗಟ್ಟೆ ಇಡುತ್ತಿದ್ದರು. ಎರಡು ಕಡೆ ಸುತ್ತಿಕೊಂಡು ಹೋಗಬೇಕಾಯಿತು. ಮುದ್ರಣಾಲಯ ತಲುಪಿದಾಗ ಒಂಬತ್ತು ದಾಟಿತ್ತು. ಮಾಲೀಕರು ಅಚ್ಚಿನ ಯಂತ್ರದ ಬಾಳೆಕಂದು ಬಿಚ್ಚುತ್ತಿದ್ದರು.

"ಬನ್ನಿ ಬನ್ನಿ. ಇನ್ನು ಬರಲ್ಲ ಕಣ್ರೀ ಇವ್ರು ಅಂತ ಈಗ ತಾನೇ ಜಯಲಕ್ಷ್ಮಿಪುರಕ್ಕೆ ಫೋನ್ ಮಾಡ್ಬುಟ್ಟೆ. ಅವ್ರೂ ಇನ್ನೂ ಪೂಜೆ ಇಳಿಸಿಲ್ವಂತೆ."

ಅವರು ಕೈ ಒರೆಸಿಕೊಂಡು ಫ್ಲಾಪಿ ತೆಗೆದುಕೊಂಡರು. ತಮ್ಮ ಕಂಪ್ಯೂಟರಿನಲ್ಲಿ ಪುಟಗಳನ್ನು ಒಂದೊಂದಾಗಿ ತೆರೆದು ನೋಡಿದರು. ಅಕ್ಕ ನಿಂತೇ ಇದ್ದಳು. ಕೈಪಿಡಿ ದೀಪಾವಳಿಗೆ ಮೊದಲು ಅಚ್ಚಾಯಿತು. ಆ ವರ್ಷದ ಪುಸ್ತಕಗಳನ್ನು ಮಾಲೀಕರು ಅಕ್ಕನಿಗೇ ಕೊಟ್ಟರು. 2009ರಲ್ಲಿ ಮುದ್ರಣಾಲಯ ಮುಚ್ಚುವವರೆಗೆ ಅದರ ಪುಸ್ತಕಗಳ ಪುಟ ಜೋಡಣೆ ಮಾಡಿದವಳು ಅವಳೇ.