ಕಡಲ ದಂಡೆಯ ನೆರಿಗೆ

ಕೊಡಗಿನ ಮಾಚಮ್ಮನವರು ಫರೀದಾಬಾದಿಗೆ ಬಂದು ಹನ್ನೆರಡು ವರ್ಷ ಕಳೆದರೂ ಸೀರೆಯ ನೆರಿಗೆಯನ್ನು ಮುಂದಕ್ಕೆ ತಂದವರಲ್ಲ. ಕೊಡವ ಹೆಂಗಸರ ನೆರಿಗೆ ಬೆನ್ನ ಹಿಂದೆ. ಏಕೆಂದು ಯಾರಾದರೂ ಕೇಳಿದರೆ ಅವರು ಕೈಮುಗಿದು ಹೇಳುವರು: ಕಾವೇರಮ್ಮ ನದಿಯಾಗಿ ಹೊರಟ ದಿನ ಬಲಮುರಿಯಲ್ಲಿ ಹೆಂಗಸರು ಅಡ್ಡ ನಿಂತರು, ಆ ತಾಯಿಯ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು, ನಿಂತವರು ಮಾತ್ರ ಸರಿಯಲಿಲ್ಲ.

ಅವರ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲೇ, ಒಂದು ಚಿತ್ರ ತೂಗುತ್ತಿತ್ತು. ಪತಿ ಅಚ್ಚಪ್ಪನವರು ಸೈನ್ಯದಿಂದ ನಿವೃತ್ತರಾಗಿ ಕೆಲಸಕ್ಕೆ ಸೇರಿದ್ದ ಕಾರ್ಖಾನೆಯ ಹಳೆಯ ಕ್ಯಾಲೆಂಡರಿನ ಹಾಳೆ ಅದು. ಹತ್ತಿರ ಹೋದರೆ ಬರಿಯ ಮೆತ್ತಿದ ಬಣ್ಣ; ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಡಲು, ಬಿಸಿಲು, ಗಾಳಿಗೆ ಎದುರಾಗಿ ನಿಂತ ಮೂವರು ಹೆಂಗಸರು. ಮೂವರ ಉಡುಗೆಯೂ ಬೆನ್ನ ಹಿಂದೆ ನೆರಿಗೆಗಟ್ಟಿ ಉಬ್ಬಿತ್ತು. ಕಾವೇರಮ್ಮನ ಬೆನ್ನು ಹತ್ತಿ ಕಡಲವರೆಗೂ ಹೋದ ನಮ್ಮ ಹೆಂಗಸರೇ ಇವರೆಂದು ಮಾಚಮ್ಮನವರು ನಂಬಿದ್ದರು. ನಿತ್ಯವೂ ಒಂದು ಹೂವು ಸಿಕ್ಕಿಸುತ್ತಿದ್ದರು.

ಎರಡು ಸಾವಿರದ ಆರನೆಯ ಇಸವಿಯ ರಾಮನವಮಿಗೆ ರಾಜಧಾನಿಯ ಆರ್.ಕೆ.ಪುರಂನಲ್ಲಿ ಮಾಚಮ್ಮನವರೂ ಸೇರಿದ್ದ ಕನ್ನಡ ಭಜನಾ ಮಂಡಳಿಯವರು ವೇದಿಕೆಯೇರಿ ಹಾಡುವುದೆಂದು ನಿಶ್ಚಯವಾಯಿತು. ಅದರ ಹಿಂದಿನ ವಾರದ ಭಜನೆ ಮಾಚಮ್ಮನವರ ಮನೆಯ ಸರದಿ. ಅಲ್ಲಿ ಮಂಡಳಿಯ ಹಿರಿಯರಾದ ಶಾಂತಮ್ಮನವರು ತೀರ್ಪಿತ್ತರು.

"ಎಲ್ಲರಿಗೂ ಒಂದೇ ಹಸಿರು ಸೀರೆ, ಉಡುವ ರೀತಿಯೂ ಒಂದೇ. ಮಾಚಮ್ಮನವರೇ, ನೆರಿಗೆ ಮುಂದಿದ್ದರೆ ವೇದಿಕೆ. ಇಲ್ಲವಾದರೆ ಕೆಳಗೆ ಕುರ್ಚಿ."

"ಸೀರೆ ಹಸಿರೇ ಇರಲಿ, ನೆರಿಗೆ ನನ್ನದು. ಗೋಡೆ ನೋಡಿ! ಕಡಲ ದಂಡೆಯಲ್ಲೂ ನಮ್ಮವರು ಹೇಗೆ ನಿಂತಿದ್ದಾರೆ!"

ಕಾಲೇಜಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಮಗಳು ಕುಸುಮ ಚಹಾದ ತಟ್ಟೆ ಹಿಡಿದಲ್ಲೇ ನಕ್ಕುಬಿಟ್ಟಳು. "ಅರೇ ಅವ್ವಾ, ಅದು ಸೀರೆ ಅಲ್ಲ, ಗೌನ್! ಫ್ರಾನ್ಸ್ ಲೇಡೀಸ್. ಸೊಂಟದ ಹಿಂದೆ, ಗೌನ್ ಒಳಗಡೆ ದಿಂಬು ಕಟ್ಕೋತಿದ್ರು. ಆಗಿನ ಕಾಲದ ಫ್ಯಾಷನ್ ಥಾ!"

"ಅಚ್ಛಾ! ಇಷ್ಟು ವರ್ಷ ಫ್ರಾನ್ಸಿನ ದಿಂಬಿಗೆ ಹೂವಿಟ್ಟಿರಾ ತಾಯಿ?" ಎಂದರು ಶಾಂತಮ್ಮನವರು. ಮನೆಯೆಲ್ಲ ನಗೆ.

ಮಾಚಮ್ಮನವರ ಕಿವಿ ಬಿಸಿಯಾಯಿತು. ಮಗಳ ನಗುವೇ ಹೆಚ್ಚು ಚುಚ್ಚಿತು. ಎದ್ದು ಚಿತ್ರದ ಬಳಿ ನಡೆದರು. ಕಿತ್ತೆಸೆಯುವರೆಂದೇ ಎಲ್ಲರೂ ಎಣಿಸಿದರು. ಅವರು ವಾಲಿದ್ದ ಹೂವನ್ನು ನೆಟ್ಟಗೆ ಮಾಡಿ ತಿರುಗಿದರು.

"ಇವರು ನಮ್ಮವರಲ್ಲದಿದ್ದರೆ ಬೇಡ. ನಾನು ನಮ್ಮವಳೇ ತಾನೆ? ಚಲೋ, ಚಹಾ ಆರುತ್ತೆ, ಕುಡೀರಿ."

ರಾಮನವಮಿಯ ಸಂಜೆ ಹಸಿರು ಸೀರೆಯನ್ನು ಕೊಡವರಂತೆಯೇ ಉಟ್ಟು ಬಂದ ಮಾಚಮ್ಮನವರು ವೇದಿಕೆಯೇರಿ ಮೊದಲ ಸಾಲಿನ ನಟ್ಟನಡುವೆ ನಿಂತರು.

"ಹಿಂದಿನ ಸಾಲಿಗಾದರೂ ಹೋಗಿ," ಶಾಂತಮ್ಮನವರು ಪಿಸುಗುಟ್ಟಿದರು.

"ನೀವು ಹೋಗಿ. ನಾನು ಇಲ್ಲೇ."

ಅಷ್ಟರಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿಯಿತು. ಭಗವಂತನ ನಾಮ ಮೊದಲಾದ ಮೇಲೆ ಯಾರು ಯಾರನ್ನು ಕೆಳಗಿಳಿಸಬಲ್ಲರು?

ಕೊನೆಗೆ ಮಂಗಳಾರತಿ. ಹಾಡುವವರೆಲ್ಲ ಸಭೆಗೆ ಬೆನ್ನು ಮಾಡಿ, ವೇದಿಕೆಯ ಹಿಂಬದಿಯಲ್ಲಿದ್ದ ಶ್ರೀರಾಮನತ್ತ ತಿರುಗಿದರು. ಸಾಲು ಹಸಿರು ಬೆನ್ನುಗಳ ನಡುವೆ ಒಂದೇ ಒಂದು ನೆರಿಗೆ ಇಡೀ ಸಭೆಗೆ ಎದುರಾಗಿ ನಿಂತಿತು. ಮಾಚಮ್ಮನವರಿಗೆ ಅದು ಚೆನ್ನಾಗಿ ತಿಳಿದಿತ್ತು. ಅವರು ಎಲ್ಲರಿಗಿಂತ ಗಟ್ಟಿಯಾಗಿ ಮಂಗಳ ಹಾಡಿದರು.