ಎಮ್ಮೆ ಬತ್ತಿದ ವರ್ಷದ ಮೊಸರು

ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಕೆಯ ಸೀರೆಗಳನ್ನು ಸೋದರತ್ತೆಯರು ಹಂಚಿಕೊಂಡರು. ನನಗೆ ಉಳಿದದ್ದು ಹೆಪ್ಪಿನ ಕುಡಿಕೆ ಒಂದೇ. ದಿನವೂ ಸಂಜೆ ಎಮ್ಮೆಯ ಹಾಲು ಕಾಸಿ, ಉಗುರು ಬೆಚ್ಚಗಾದಾಗ ಹಿಂದಿನ ದಿನದ ಮೊಸರು ಒಂದಿಷ್ಟು ಕದಡಿ ಇಡುತ್ತಿದ್ದೆ. ಅವ್ವ ಮಾಡಿದ ಮೊಸರೇ ಅದರಲ್ಲಿ ಇನ್ನೂ ಬದುಕಿದೆ ಎಂದು ನನ್ನ ಹಟ. ಅದು ಕೆಟ್ಟರೆ ಅವ್ವ ಇನ್ನೊಂದು ಸಲ ಸತ್ತಂತೆ. ಎದ್ದವಳೇ ಮುಚ್ಚಳ ತೆಗೆದು ನೋಡುತ್ತಿದ್ದೆ, ಹೊರಗಿನಿಂದ ಬಂದವಳೇ ಮತ್ತೆ ನೋಡುತ್ತಿದ್ದೆ. ಕುಂತಲ್ಲಿ ಕೂರಲಾಗುತ್ತಿರಲಿಲ್ಲ.

ಅಪ್ಪ ತಾಂಡೂರಿನಲ್ಲಿ ನಿಜಾಮ ಸರ್ಕಾರದ ಕಚೇರಿಯ ಗುಮಾಸ್ತ. ಆರು ತಿಂಗಳಲ್ಲಿ ಕೊಹೀರ್‌ನಿಂದ ಎರಡನೆಯ ಹೆಂಡತಿಯನ್ನು ತಂದ. ಈ ಚಿಗವ್ವ ತನ್ನ ತವರಿನ ಹೆಪ್ಪನ್ನೂ ಜೊತೆಗೆ ತಂದಿದ್ದಳು. ನಮ್ಮ ಎಮ್ಮೆಯ ಹಾಲಿಗೇ ಹಾಕಿ ಬೇರೆ ಗಡಿಗೆಯಲ್ಲಿ ಇಡುತ್ತಿದ್ದಳು. ಅಪ್ಪ ಎರಡನ್ನೂ ಒಂದೇ ರುಚಿ, ಒಂದೇ ಕೆನೆ ಎಂದು ಉಣ್ಣುತ್ತಿದ್ದ. ನಾನು ಮಾತ್ರ ಆಕೆಯದನ್ನು ನಾಲಿಗೆಗೆ ಹಚ್ಚಲಿಲ್ಲ.

ಪಂಚಮಿಗೆ ಸೋದರಮಾವ ಸಿರ್ಗಾಪುರಕ್ಕೆ ಕರೆಯಲು ಬಂದ. ಬಂಡಿ ಏರುವಾಗ ಚಿಗವ್ವನಿಗೆ ಬೆರಳು ತೋರಿಸಿದೆ.

"ನಮ್ಮವ್ವನ ಕುಡಿಕಿ ಮುಟ್ಟಿದ್ರ ನೋಡು ಮತ್ತ!"

ಆಕೆ ಆಯ್ತೆಂದು ತಲೆಯಾಡಿಸಿದಳು. ಅಜ್ಜಿಯ ಮನೆಯಲ್ಲಿ ಜೋಕಾಲಿ ಆಡಿದರೂ ನನ್ನ ಜೀವವೆಲ್ಲ ಕುಡಿಕೆಯಲ್ಲೇ. ಹತ್ತು ದಿನಕ್ಕೆ ಬಂದವಳು ಕಾಲು ಕೂಡ ತೊಳೆಯದೆ ಮೊಸರು ಬಾಯಿಗೆ ಹಾಕಿಕೊಂಡೆ. ಗಟ್ಟಿ, ಕೆನೆ, ಹುಳಿಯ ಹಿಂದೆ ಸ್ವಲ್ಪ ಸಿಹಿ. ಅವ್ವನದೇ. ಗೆದ್ದವಳ ಹಾಗೆ ಚಿಗವ್ವನ ಕಡೆ ನೋಡಿದೆ.

ಚಳಿಗಾಲಕ್ಕೆ ಎಮ್ಮೆ ಬತ್ತಿತು. ಅಪ್ಪ ಪಕ್ಕದ ಮನೆಯಿಂದ ಆಕಳ ಹಾಲು ತರಿಸಿದ. ಮರುದಿನ ನನ್ನ ಕುಡಿಕೆಯ ಮೊಸರು ತೆಳ್ಳಗೆ ನೀರಾಡುತ್ತಿತ್ತು, ಹುಳಿಗೆ ಹಲ್ಲು ಜುಮ್ಮೆಂದವು. ಎರಡು ದಿನ ತಡೆದೆ. ಮೂರನೆಯ ದಿನ ಕುಡಿಕೆಯನ್ನು ಆಕೆಯ ಮುಂದೆ ಕುಕ್ಕಿದೆ.

"ನಮ್ಮವ್ವನ ಹೆಪ್ಪು ಚೆಲ್ಲಿ ನಿಂದು ಹಾಕಿಟ್ಟೀದಿ!"

ಚಿಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಹಾಕೀನಿ. ಈಗಲ್ಲ, ಪಂಚಮ್ಯಾಗ. ನೀ ಮುಟ್ಟಬ್ಯಾಡ ಅಂದಿದ್ದಿ, ಮುಟ್ಟಲಿಲ್ಲ. ಹತ್ತು ದಿನ ಹೊಸ ಹಾಲು ಬೀಳಲಾರದ ಬೂಸುರು ಬಂದು ಕೊಳತು ಹೋತು. ನೀ ಅಳ್ತಿ ಅಂತ ಕುಡಿಕಿ ತೊಳದು ನನ್ನ ಹೆಪ್ಪು ಹಾಕಿದೆ."

"ಸುಳ್ಳು! ಬಂದ ದಿನ ಅವ್ವಂದೇ ರುಚಿ ಇತ್ತು."

"ಅದು ಎಮ್ಮಿ ಹಾಲಿನ ರುಚಿ, ಯವ್ವಾ. ಈಗಿಂದು ಆಕಳ ಹಾಲು. ಹೆಪ್ಪು ಆಗಿಂದೇ ಅದ."

ನಂಬಲಿಲ್ಲ. ಆಕೆಯ ಗಡಿಗೆಗೆ ಮೊದಲ ಸಲ ಕೈ ಹಾಕಿ ನೆಕ್ಕಿ ನೋಡಿದೆ. ಆಕಳ ಹಾಲಿನಲ್ಲಿ ಆಕೆಯದೂ ಅದೇ ನೀರು, ಅದೇ ಹುಳಿ.

ಬೈಯಲೆಂದು ಬಾಯಿ ತೆರೆದೆ. ಮುಟ್ಟಬೇಡ ಎಂದು ಹೆಪ್ಪನ್ನು ಕೊಳೆಯಲು ಬಿಟ್ಟವಳು ನಾನು. ಅವ್ವನದೆಂದು ಚಪ್ಪರಿಸಿ ಈ ಹೆಂಗಸಿನ ಮೊಸರು ಉಂಡವಳೂ ನಾನೇ. ಸಿಟ್ಟು ತೀರಿಸಿಕೊಳ್ಳಲು ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ.